ಹಿತ್ತಲಲ್ಲಿ ಕೇಳಿ ಕೊಂಡ ಟ್ರ್ಯಾಕ್ಟರು

ಎತ್ತು ಕೊಳ್ಳುವಾಗ ಗಂಡಸರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಬೆನ್ನು ಸವರಿ ಸುಳಿ ನೋಡುತ್ತಾರೆ. ನಾನು ಅದನ್ನೆಲ್ಲ ನೋಡುವವಳಲ್ಲ. ನೇರವಾಗಿ ಆ ಮನೆಯ ಹಿತ್ತಲಿಗೆ ಹೋಗುತ್ತೇನೆ. ಅಲ್ಲಿ ಕಲಗಚ್ಚು ಇಡುವ ಹೆಂಗಸು ಇರುತ್ತಾಳೆ. ಒಂದು ಲೋಟ ನೀರು ಕೇಳಿ ಕುಡಿದು, ಎತ್ತು ಹೆಂಗವ್ವ ಅಂದರೆ ಸಾಕು. ಒದೆಯುವುದು, ಹಾಯುವುದು, ಮಲಗಿದರೆ ಏಳದಿರುವುದು, ಎಲ್ಲ ಹೊರಗೆ ಬೀಳುತ್ತದೆ. ಗಂಡ ಜಗಲಿಯಲ್ಲಿ ಕೂತು ಹೇಳುವ ಸುಳ್ಳು ಹಿತ್ತಲಿನ ತನಕ ನಡೆಯುವುದಿಲ್ಲ. ಹೀಗೆ ಕೇಳಿಯೇ ನಮ್ಮ ಮನೆಗೆ ಮೂರು ಜೊತೆ ಎತ್ತು ತಂದೆ. ಒಂದೂ ಕೆಟ್ಟದ್ದು ಬರಲಿಲ್ಲ.

ಮೂರು ವರ್ಷದ ಹಿಂದೆ ಟ್ರ್ಯಾಕ್ಟರ್ ಕೊಳ್ಳಬೇಕಾಗಿ ಬಂತು. ಎತ್ತಿಗೆ ಆದದ್ದು ಇದಕ್ಕೂ ಆಗುತ್ತದೆ ಅಂದುಕೊಂಡು ಅದೇ ದಾರಿ ಹಿಡಿದೆ.

ನನ್ನ ಕಸುಬು ಸೌದೆ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ನಮ್ಮ ಊರು. ಸುತ್ತ ಎಲ್ಲಿ ನೋಡಿದರೂ ಹೊಗೆಸೊಪ್ಪು. ಸೊಪ್ಪು ಬೆಳೆಯುವವರ ಹೊಲದ ಮೂಲೆಯಲ್ಲಿ ಒಂದೊಂದು ಬ್ಯಾರನ್ನು ಇರುತ್ತದೆ. ಎತ್ತರದ ಗೋಡೆಯ, ಕಿಟಕಿಯಿಲ್ಲದ ಮನೆ ಅದು. ಕೊಯ್ದ ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಅದರೊಳಗೆ ನೇತುಹಾಕಿ, ಹೊರಗಿನ ಒಲೆಗೆ ಸೌದೆ ತಳ್ಳಿ, ಐದಾರು ದಿನ ಬಿಡದೆ ಶಾಖ ಕೊಡಬೇಕು. ನಡುವೆ ಒಲೆ ಆರಿದರೆ ವರ್ಷದ ದುಡಿಮೆ ಕಪ್ಪಾಗಿ ಕೂರುತ್ತದೆ. ಗಿಡದಲ್ಲಿ ಹಣ್ಣಾದ ಸೊಪ್ಪು ಯಾರಿಗೂ ಕಾಯುವುದಿಲ್ಲ. ಅದಕ್ಕೇ ಮೊದಲ ಕೊಯ್ಲಿಗೆ ಮುಂಚೆ, ಮಳೆ ಹಿಡಿಯುವ ಮುಂಚೆ, ಒಣ ಸೌದೆ ಬ್ಯಾರನ್ನಿನ ಪಕ್ಕ ಬಿದ್ದಿರಬೇಕು.

ಗಂಡ ತೀರಿಕೊಂಡಾಗ ನನ್ನ ಪಾಲಿಗೆ ಬಂದದ್ದು ಹಳ್ಳದ ಮಗ್ಗುಲಿನ ಇಳಿಜಾರು. ರಾಗಿ ಹಾಕಿದರೆ ಹಾಕಿದಷ್ಟೂ ಬರುತ್ತಿರಲಿಲ್ಲ, ಅಷ್ಟು ಕಲ್ಲು. ನೀಲಗಿರಿ ನೆಟ್ಟೆ. ಅದು ಮಾತ್ರ ಏನೂ ಕೇಳದೆ ಬೆಳೆಯಿತು. ಕಡಿದರೆ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ, ಐದಾರು ವರ್ಷಕ್ಕೆ ಮತ್ತೆ ಕಡಿಯಬಹುದು. ಮೇಲಿನ ಅರ್ಧವನ್ನು ಎರಡು ಸಲ ಕಡಿದು ಎತ್ತಿನ ಗಾಡಿಯಲ್ಲೇ ಸಾಗಿಸಿದ್ದೆ. ಹಳ್ಳದ ತಳದ ಮರಗಳನ್ನು ಮುಟ್ಟಿರಲಿಲ್ಲ. ದಾರಿ ಕಡಿದಾದದ್ದು, ಎತ್ತು ಹತ್ತದು. ಆ ವರ್ಷ ಮೇಲೆ ಮರ ಉಳಿಯಲಿಲ್ಲ. ಹತ್ತು ಬ್ಯಾರನ್ನಿನವರಿಗೆ ಸೌದೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅದರಲ್ಲಿ ಒಂದು ನನ್ನ ಮಗಳದೇ. ಆಳು ಹಿಡಿದು ತಳದ ಮರಗಳನ್ನೆಲ್ಲ ಉರುಳಿಸಿಬಿಟ್ಟೆ. ಎಳೆಯುವುದು ಹೇಗೆ ಎಂದು ಆಮೇಲೆ ಯೋಚಿಸಿದೆ. ಇದು ನನ್ನದೇ ಅವಿವೇಕ, ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ.

ಪಕ್ಕದ ಊರಿನ ಬಾಡಿಗೆ ಟ್ರ್ಯಾಕ್ಟರ್ ಕರೆಸಿದೆವು. ದೊಡ್ಡ ಗಾಡಿ. ಓಡಿಸುವವನು ದಿಮ್ಮಿಗಳಿಗೆ ಸರಪಳಿ ಸುತ್ತಿ, ಇನ್ನೊಂದು ತುದಿಯನ್ನು ಗಾಡಿಯ ಹಿಂದೆ ಎತ್ತರಕ್ಕೆ ಕಟ್ಟಿದ. ಏರಿನಲ್ಲಿ ದಿಮ್ಮಿ ಕಲ್ಲಿಗೆ ಸಿಕ್ಕಿಕೊಂಡಿತು, ಅವನು ಇನ್ನೂ ಒತ್ತಿದ. ಮುಂದಿನ ಎರಡು ಚಕ್ರ ಮೆಲ್ಲಗೆ ನೆಲ ಬಿಟ್ಟು ಮೇಲಕ್ಕೆ ಎದ್ದವು. ಅವನು ಪಕ್ಕಕ್ಕೆ ಹಾರಿ ಲಂಟಾನದ ಪೊದೆಯಲ್ಲಿ ಬಿದ್ದ. ಎಂಜಿನ್ ನಿಂತು ಚಕ್ರ ಧೊಪ್ಪೆಂದು ಕೆಳಗೆ ಕೂತಿತು.

ಸೌದೆ ಕಾಲದಲ್ಲಿ ನನ್ನ ಜೊತೆ ಇರುವ ತಂಗಿ, ಕಟ್ಟೆಮಳಲವಾಡಿಗೆ ಕೊಟ್ಟವಳು, ಕೊಡಲಿ ಊರಿಕೊಂಡು ನೋಡುತ್ತಿದ್ದಳು.

“ಮುಂಗಾಲೆತ್ತಿ ಕೈ ಮುಗೀತದೆ ಕಣಕ್ಕ. ನಿನ್ನ ಅಳ್ಳ ಕಂಡು ಅದಕ್ಕೆ ಅಂಗೆ ಭಕ್ತಿ ಬಂದದೆ.”

ಪೊದೆಯಿಂದ ಎದ್ದವನಿಗೆ ಮೈಯೆಲ್ಲ ತರಚು, ಬೇರೇನೂ ಆಗಿರಲಿಲ್ಲ. “ಇನ್ನೊಂದು ಸಲ ಈ ಗುಂಡಿಗೆ ಕರೀಬ್ಯಾಡ್ರವ್ವ” ಎಂದು ಗಾಡಿ ತೆಗೆದುಕೊಂಡು ಹೋದ. ಸುತ್ತಲಿನ ಊರಿಗೆಲ್ಲ ಸುದ್ದಿ ಹಬ್ಬಿತು. ಮತ್ತೆ ಯಾವ ಬಾಡಿಗೆಯವನೂ ಬರಲಿಲ್ಲ. ಮಳೆಗೆ ತಿಂಗಳು ಉಳಿದಿತ್ತು. ಹಳ್ಳಕ್ಕೆ ಒಮ್ಮೆ ನೀರು ಇಳಿದರೆ ದಸರೆಯ ತನಕ ಕಾಲಿಡಲು ಆಗದು. ಅಷ್ಟರಲ್ಲಿ ಸೊಪ್ಪಿನ ಕಾಲವೇ ಮುಗಿದಿರುತ್ತದೆ. ಹತ್ತು ಬ್ಯಾರನ್ನು ನನ್ನನ್ನು ನಂಬಿ ಬೇರೆಲ್ಲೂ ಸೌದೆ ಹೇಳಿರಲಿಲ್ಲ.

“ನಾವೇ ಒಂದು ಗಾಡಿ ತರ್ಬೇಕು” ಎಂದೆ.

ಅಳಿಯ, ಮಗಳ ಗಂಡ, ಆ ಮಾತಿಗೇ ಕಾದಿದ್ದ. ಅಳಿಯ ಅನ್ನುವುದು ಹೆಸರಿಗೆ, ಅವನು ನನ್ನ ತಮ್ಮನ ಮಗನೇ, ನನ್ನ ಕಣ್ಣೆದುರಿಗೆ ಚಡ್ಡಿ ಹಾಕಿಕೊಂಡು ಬೆಳೆದವನು. “ತಕ್ಕೊಂಡ್ರೆ ದೊಡ್ಡದೇ ತಕ್ಕೊಬೇಕು ಅತ್ತೆ. ಐವತ್ತು ಎಚ್‌ಪಿ. ಮ್ಯಾಕೆ ಟಾಪು, ಮುಂದ್ಕೆ ನಾಕು ಲೈಟು. ಊರೊಳಗೆ ಬಂದ್ರೆ ಯಾರ ಗಾಡಿ ಅಂತ ಕೇಳ್ಬೇಕು.”

“ಲೈಟು ದಿಮ್ಮಿ ಎಳೀತದೇನ್ಲಾ?”

“ಮಡ್‌ಗಾರ್ಡ್ ಅಗಲ ಇರ್ತದೆ. ನೀನೂ ಚಿಕ್ಕತ್ತೇನೂ ಆ ಕಡೆ ಈ ಕಡೆ ಕೂತ್ಕೊಬೋದು.”

ತಂಗಿ ಕೂಡಲೇ ಅವನ ಪಕ್ಷ ಸೇರಿದಳು. ನಾನು ಹಗ್ಗ ತೆಗೆದುಕೊಂಡು ಹಳ್ಳಕ್ಕೆ ಹೋದೆ. ಏರಿನ ತಿರುವಿನಲ್ಲಿ ದಾರಿಯ ಎರಡು ಕಡೆ ಎರಡು ಹೆಬ್ಬಂಡೆ ಇವೆ. ಅವುಗಳ ನಡುವಿನ ಅಗಲಕ್ಕೆ ಸರಿಯಾಗಿ ಹಗ್ಗ ಕತ್ತರಿಸಿ ಸೊಂಟಕ್ಕೆ ಸುತ್ತಿಕೊಂಡೆ. ಬಾಡಿಗೆಯವನ ಗಾಡಿ ಅಲ್ಲಿ ಎರಡು ಮಗ್ಗುಲೂ ಉಜ್ಜಿಕೊಂಡೇ ಇಳಿದಿತ್ತು. ಹಗ್ಗಕ್ಕಿಂತ ಒಂದು ಗೇಣಾದರೂ ಕಿರಿದಾದ ಗಾಡಿ ಬೇಕು. ಏರು ಹತ್ತಬೇಕು. ಮೂತಿ ಎತ್ತಬಾರದು. ನನಗೆ ಬೇಕಾದದ್ದು ಈ ಮೂರೇ.

ಮೊದಲು ಹುಣಸೂರಿನ ಶೋರೂಮಿಗೆ ಹೋದೆವು. ಕುತ್ತಿಗೆಗೆ ಟೈ ಕಟ್ಟಿದವನು ಬಂದು ತಣ್ಣಗಿನ ಶರಬತ್ತು ಕೊಟ್ಟ. ಅಳಿಯ ದೊಡ್ಡ ಗಾಡಿಯ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದು ಮದುಮಗನ ಹಾಗೆ ನಕ್ಕ. ನಾನು ಹಗ್ಗ ಬಿಚ್ಚಿ ಹಿಂದಿನ ಚಕ್ರಗಳಿಗೆ ಅಡ್ಡ ಹಿಡಿದೆ. ಹಗ್ಗ ಸಾಲಲಿಲ್ಲ. ಅಳಿಯ ಇಳಿದು ತಾನೇ ಹಿಡಿದು ನೋಡಿದ, ಎಳೆದು ನೋಡಿದ. ಹಗ್ಗ ಬೆಳೆಯಲಿಲ್ಲ.

ಚಿಕ್ಕ ಗಾಡಿಗಳೂ ಇದ್ದವು. ಆದರೆ ಶೋರೂಮಿಗೆ ಹಿತ್ತಲಿಲ್ಲ. ಯಾರನ್ನು ಕೇಳುವುದು? ಟೈ ಕಟ್ಟಿದವನನ್ನೇ ಕೇಳಿದೆ. “ಇದನ್ನ ಇಟ್ಕೊಂಡಿರೋರ ಮನೆ ಎಂಗಸ್ರು ಯಾರಾದ್ರೂ ಗೊತ್ತಾ?” ಅವನು ಇನ್ನೊಂದು ಲೋಟ ಶರಬತ್ತು ಕೊಟ್ಟ. ಫೋರ್ ವೀಲಿನ ಚಿಕ್ಕದು, ಅಂದರೆ ಮುಂದಿನ ಚಕ್ರವೂ ಎಳೆಯುವಂಥದ್ದು, ಸಾಲದ ಕಾಗದ ಎಲ್ಲ ಮುಗಿದು ಬರಲು ಒಂದೂವರೆ ತಿಂಗಳು ಆಗುತ್ತದೆ ಎಂದ. ಅಷ್ಟರಲ್ಲಿ ಹಳ್ಳದಲ್ಲಿ ಕಪ್ಪೆ ಕೂಗುತ್ತಿರುತ್ತವೆ. ಹಳೆಯದನ್ನೇ ಹುಡುಕೋಣ ಎಂದು ಎದ್ದು ಬಂದೆವು.

ಕೆ.ಆರ್. ನಗರದ ಕಡೆ, ಮಿರ್ಲೆಯಲ್ಲಿ ಒಂದಿದೆ ಎಂದು ಯಾರೋ ಹೇಳಿದರು. ಬಸ್ಸು ಹಿಡಿದು ಮೂವರೂ ಹೋದೆವು. ಅದು ನಾಲೆಯ ನೀರಿನ ಸೀಮೆ, ಎಲ್ಲೆಲ್ಲೂ ಗದ್ದೆ. ಗಾಡಿಗೆ ಹೊಸದಾಗಿ ಬಣ್ಣ ಬಳಿದು ನಿಲ್ಲಿಸಿದ್ದರು. ನಿಂಬೆಹಣ್ಣು, ಕರಿದಾರ, ಎಲ್ಲ ಕಟ್ಟಿದ್ದರು. ಅಗಲ ಹಗ್ಗದೊಳಗೇ ಇತ್ತು. ಮಾಲೀಕ ಅಳಿಯನಿಗೆ ಬಾನೆಟ್ ಎತ್ತಿ ತೋರಿಸುತ್ತಿದ್ದ. ನಾನೂ ತಂಗಿಯೂ ಹಿತ್ತಲಿಗೆ ನಡೆದೆವು. ಅವನ ತಾಯಿ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು, ನನಗಿಂತ ಹಿರಿಯಳು.

“ವಸಿ ನೀರು ಕೊಡವ್ವ” ಎಂದೆ.

“ನೀರ್ಯಾಕೆ, ಮಜ್ಜಿಗೆ ಕುಡೀರಿ. ಗಾಡಿ ನೋಡಕ್ಕೆ ಬಂದೋರಾ?”

“ಊಂ. ಹೆಂಗದೆ ಗಾಡಿ?”

“ಎಮ್ಮೆ ಕಣವ್ವ ಅದು. ವರ್ಷಕ್ಕೆ ಎಲ್ಡು ಸಲ ಗದ್ದೆ ಕೆಸರಲ್ಲಿ ಬಿದ್ದು ಒದ್ದಾಡ್ಕೊಂಡು ಬತ್ತದೆ. ಬಂದ್ಮೇಲೆ ಚಕ್ರದ ಬುಡದಲ್ಲಿ ತೊಟ್ಟು ತೊಟ್ಟು ಎಣ್ಣೆ. ಸುಮ್ನೆ ಯಾಕೆ ಹಾಳು ಅಂತ ನಾನೊಂದು ತಟ್ಟೆ ಇಟ್ಟಿರ್ತೀನಿ. ಬಾಗ್ಲು ತಿರುಗಣಿಗೆಲ್ಲ ಅದೇ ಎಣ್ಣೆ. ನಮ್ಮನೇಲಿ ಒಂದು ಬಾಗ್ಲೂ ಕಿರ್ ಅನ್ನಲ್ಲ, ಬೇಕಾದ್ರೆ ನೋಡು.”

ನಿಜ, ಹಿತ್ತಲ ಬಾಗಿಲು ಬೆಣ್ಣೆಯ ಹಾಗೆ ತೆರೆಯಿತು. ಮುಂದಕ್ಕೆ ಬಂದಾಗ ಅವಳ ಮಗ ಅಳಿಯನಿಗೆ ಹೇಳುತ್ತಿದ್ದ, “ಒಂದು ತೊಟ್ಟು ಎಣ್ಣೆ ಸೋರಲ್ಲ ಅಣ್ಣ, ನಮ್ಮವ್ವನಾಣೆಗೂ.” ತಂಗಿಗೆ ನಗು ತಡೆಯದೆ ಮಜ್ಜಿಗೆ ಮೂಗಿಗೆ ಹತ್ತಿತು. ಗದ್ದೆ ಗಾಡಿಯನ್ನು ಕಲ್ಲು ಏರಿಗೆ ತರುವುದು ಬೇಡ ಎಂದು ಹೊರಟೆವು. ನನ್ನ ದಾರಿ ಸರಿಯಾಗಿದೆ ಎಂದು ಬಸ್ಸಿನಲ್ಲಿ ಹೆಮ್ಮೆಯಿಂದ ಕೂತಿದ್ದೆ. ಆ ಹೆಮ್ಮೆಯಲ್ಲೇ ಮುಂದಿನ ವಾರ ತಪ್ಪು ಮಾಡಿದೆ.

ಮುಂದಿನ ವಾರ ಹೋದದ್ದು ಎಚ್.ಡಿ. ಕೋಟೆ ಕಡೆಯ ಒಂದು ಹಳ್ಳಿಗೆ. ಅಲ್ಲಿ ಶುಂಠಿ ಬೆಳೆಯುವ ಒಬ್ಬರು ಬೇಸಾಯ ಕಡಿಮೆ ಮಾಡಿ ತೆಂಗು ಹಾಕಿದ್ದರು. ಗಾಡಿ ಕೆಲಸವಿಲ್ಲದೆ ನಿಂತಿತ್ತು. ಫೋರ್ ವೀಲು. ಹಗ್ಗ ಹಿಡಿದರೆ ಗೇಣಿಗಿಂತ ಹೆಚ್ಚೇ ಉಳಿಯಿತು. ಮುಂದುಗಡೆ, ಮೂತಿ ಏಳದಿರಲೆಂದು, ಕಬ್ಬಿಣದ ತೂಕದ ಗಟ್ಟಿಗಳು ತೂಗುತ್ತಿದ್ದವು. ಬಣ್ಣ ಅಲ್ಲಲ್ಲಿ ಹೋಗಿತ್ತು, ಮೇಲೆ ಟಾಪಿಲ್ಲ. ಅಳಿಯನಿಗೂ ಯಾಕೋ ಹಿಡಿಸಿತು. ಮಾಲೀಕರು ನನ್ನ ವಯಸ್ಸಿಗೆ ಹತ್ತಿರದವರು, ಮಾತು ಕಡಿಮೆ. ಗಾಡಿಯ ಪಕ್ಕ ನಿಂತು ಅದರ ಮೇಲಿನ ಧೂಳನ್ನು ಟವಲಿನಿಂದ ಒರೆಸುತ್ತಲೇ ಇದ್ದರು.

ನಾನು ಹಿತ್ತಲಿಗೆ ಹೋದೆ. ಅವರ ಹೆಂಡತಿ ಪಾತ್ರೆ ಬೆಳಗುತ್ತಿದ್ದಳು. ಕೇಳಿದ್ದೇ ತಡ, ಕೈಯಲ್ಲಿದ್ದ ತೆಂಗಿನ ನಾರು ಎಸೆದು ಎದ್ದು ನಿಂತಳು.

“ಅದನ್ನ ಕೊಂಡ್ಕೊಳ್ಳಕ್ಕೆ ಬಂದ್ರಾ? ತಕ್ಕೊಂಡೋಗ್ರವ್ವ, ಇವತ್ತೇ ತಕ್ಕೊಂಡೋಗಿ! ನನ್ನ ಪಾಲಿಗೆ ಸವತಿ ಅದು. ಬೆಳಗೆದ್ದು ನನ್ನ ಮುಖ ನೋಡಲ್ಲ, ಅದರ ಮುಖ ತೊಳೀತದೆ ಈ ಮನುಷ್ಯ. ಅದರ ಬುಡದಲ್ಲಿ ಮಲಗಿ ಎದ್ದ ಬಟ್ಟೆ ಒಗ್ದು ಒಗ್ದು ನನ್ನ ಕೈ ಸವೆದೋಯ್ತು. ನನ್ನ ತಮ್ಮ ಬಂದು ಒಂದು ದಿನಕ್ಕೆ ಕೊಡಿ ಭಾವ ಅಂದ, ಕೊಡ್ಲಿಲ್ಲ. ಈಗ್ಲೂ ಮಾತಾಡಲ್ಲ ನನ್ನ ತಮ್ಮ. ಹಾಳಾಗೋಗ್ಲಿ ಆ ಗಾಡಿ!”

ಇಷ್ಟು ಬೈಗುಳವನ್ನು ನಾನು ಯಾವ ಎತ್ತಿನ ಬಗ್ಗೆಯೂ ಕೇಳಿರಲಿಲ್ಲ. ಮನೆಯ ಹೆಂಗಸು ಹೀಗೆ ಶಪಿಸುವ ಗಾಡಿ ನಮಗೆ ಬೇಡ ಎಂದು ತೀರ್ಮಾನ ಮಾಡಿದೆ. ಮುಂದಕ್ಕೆ ಬಂದು, “ಬ್ಯಾಡ ಬುಡ್ಲಾ, ಓಗಣ” ಎಂದೆ. ಮಾಲೀಕರು ಟವಲು ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋದರು. ಅಳಿಯ ಬಸ್ಸಿನಲ್ಲಿ ನನ್ನನ್ನು ಬಿಟ್ಟು ಬೇರೆ ಸೀಟಿಗೆ ಹೋಗಿ ಕೂತ.

ಗಾಡಿ ಒಪ್ಪಿಗೆಯಾದರೆ ಬಂದು ಪರೀಕ್ಷೆ ಮಾಡಿಕೊಡಿ ಎಂದು ಹುಣಸೂರಿನ ಮೆಕ್ಯಾನಿಕ್ ಸಾಬರಿಗೆ ಹೇಳಿದ್ದೆ. ಬಸ್ಸಿಳಿದವಳು ಅವರ ಶೆಡ್ಡಿಗೆ ಹೋಗಿ, ಬರುವುದು ಬೇಡ, ವ್ಯಾಪಾರ ಮುರಿಯಿತು ಎಂದೆ. ಯಾಕೆ ಎಂದು ಕೇಳಿದರು. ಹೇಳಿದೆ.

“ಅರೆ ಅಮ್ಮಾ, ಪೂರಾ ಹೇಳಿ. ಏನಂತ ಬೈದ್ರು ಆ ಯಮ್ಮ?”

ಇದ್ದ ಹಾಗೆ ಒಪ್ಪಿಸಿದೆ. ಕೇಳುತ್ತ ಕೇಳುತ್ತ ಅವರು ಸ್ಪಾನರ್ ಕೆಳಗಿಟ್ಟರು.

“ದಿನಾ ತೊಳೀತಾನೆ ಅಂತ ಬೈದ್ರು. ಅದರ ಕೆಳಗೇ ಮಲಗ್ತಾನೆ ಅಂತ ಬೈದ್ರು. ಭಾಮೈದನಿಗೂ ಕೊಡಲ್ಲ ಅಂತ ಬೈದ್ರು. ಬೆಳಿಗ್ಗೆ ಸ್ಟಾರ್ಟ್ ಆಗಲ್ಲ ಅಂತ ಬೈದ್ರಾ?”

“ಇಲ್ಲ.”

“ಹೊಗೆ ಜಾಸ್ತಿ, ಎಣ್ಣೆ ಸೋರ್ತದೆ, ಅಂತ ಏನಾದ್ರೂ?”

“ಇಲ್ಲ.”

“ಇನ್ಯಾವ ಸರ್ಟಿಫಿಕೇಟ್ ಬೇಕಮ್ಮ ನಿಮಗೆ? ನಮ್ಮ ಮನೇಲೂ ನನ್ನ ಸ್ಕೂಟರ್‌ನ ಹಿಂಗೇ ಬೈತಾಳೆ. ಇಪ್ಪತ್ತು ವರ್ಷದ ಗಾಡಿ, ಒಂದೇ ಕಿಕ್!”

ಅಳಿಯ ಅಲ್ಲೇ ಕಲ್ಲಿನ ಮೇಲೆ ಕೂತು ತಲೆಗೆ ಕೈ ಹೊಡೆದುಕೊಂಡು ನಗುತ್ತಿದ್ದ. ನನಗೆ ನಾಚಿಕೆಯಾಯಿತು. ಬೈದದ್ದು ಕೇಳಿಸಿತ್ತು, ಯಾವುದಕ್ಕೆ ಬೈದಳು ಅನ್ನುವುದು ತಲೆಗೆ ಹೋಗಿರಲಿಲ್ಲ. ಎತ್ತಿಗೆ ಮೇವು ಹಾಕುವವಳು ಹೆಂಗಸು, ಅದಕ್ಕೆ ಅವಳಿಗೆ ಗೊತ್ತು. ಟ್ರ್ಯಾಕ್ಟರಿಗೆ ಮೇವು ಹಾಕುವವನು ಗಂಡಸು. ಅವನು ಹೇಗೆ ಸಾಕಿದ್ದಾನೆ ಅನ್ನುವುದನ್ನು ಹೆಂಡತಿಯ ಕೋಪದಲ್ಲಿ ಹುಡುಕಬೇಕು. ಅರವತ್ತು ದಾಟಿದ ಮೇಲೆ ಇಷ್ಟು ಕಲಿತೆ.

ಮಾರನೆಯ ಬೆಳಗಿನ ಮೊದಲ ಬಸ್ಸಿಗೇ ಹೊರಟೆವು. ಸಾಬರನ್ನೂ ಕರೆದುಕೊಂಡು ಹೋದೆವು. ನಾವು ಹೋಗುವ ಹೊತ್ತಿಗೆ ಕೇರಳದ ಶುಂಠಿ ವ್ಯಾಪಾರಿಯೊಬ್ಬರು ಜೀಪಿನಲ್ಲಿ ಬಂದು ಗಾಡಿಯ ಸುತ್ತ ತಿರುಗುತ್ತಿದ್ದರು. ಹಿತ್ತಲಿನವಳು ಈ ಸಲ ಮುಂಬಾಗಿಲಲ್ಲೇ ನಿಂತಿದ್ದಳು.

“ನೆನ್ನೆ ಬ್ಯಾಡ ಅಂದೋರು ಇವತ್ತು ಯಾಕ್ ಬಂದ್ರಿ?”

“ನೀನು ಬೈದಿದ್ದಕ್ಕೇ ಬಂದೆ ಕಣವ್ವ” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅವಳ ಗಂಡನಿಗೆ ಆಯಿತೆಂದು ಕಾಣುತ್ತದೆ, ಮೊದಲ ಸಲ ನನ್ನ ಕಡೆ ತಿರುಗಿ ನೋಡಿದರು. ಸಾಬರು ಗಾಡಿಯ ಕೆಳಗೆ ನುಗ್ಗಿ, ಮೇಲೆ ಹತ್ತಿ, ಕಿವಿಗೊಟ್ಟು ಕೇಳಿ, ನನಗೆ ತಲೆಯಾಡಿಸಿದರು.

ವ್ಯಾಪಾರಿ ಕೂಡಲೇ ಒಯ್ಯುತ್ತೇನೆ ಎಂದರು. ಮಾಲೀಕರು ಅವರನ್ನೂ ನನ್ನನ್ನೂ ಒಂದೇ ಪ್ರಶ್ನೆ ಕೇಳಿದರು. “ಗಾಡಿ ಯಾರು ಓಡಿಸ್ತಾರೆ?” ವ್ಯಾಪಾರಿ, ಯಾರಾದರೂ ಡ್ರೈವರನ್ನು ಇಡುತ್ತೇವೆ ಎಂದರು. ನಾನು ಅಳಿಯನನ್ನು ಮುಂದಕ್ಕೆ ತಳ್ಳಿದೆ. “ಇವನೊಬ್ನೇ. ಬೇರೆ ಯಾರೂ ಮುಟ್ಟಲ್ಲ.” ಅವರು ಅಳಿಯನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು. ಆಮೇಲೆ ಒಂದು ಷರತ್ತು ಹಾಕಿದರು. “ಎಲ್ಲಿ ದುಡೀತದೆ ಅಂತ ನಾನು ನೋಡ್ಬೇಕು. ಜಾಗ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ವಾಪಸ್ ತತ್ತೀನಿ.”

ಅವರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಆದರೂ ಮಾತು ಹೊರಗೇ ಬಂತು. “ಮಗಳನ್ನ ಕೊಡುವಾಗ ಗಂಡಿನ ಮನೆ ನೋಡಕ್ಕೆ ನಮ್ಮಣ್ಣನ್ನ ಕಳಿಸ್ತು ಈ ಮನುಷ್ಯ. ಗಾಡಿ ಕೊಡಕ್ಕೆ ತಾನೇ ಹೊರಟದೆ!”

“ನಿಮ್ಮಣ್ಣ ಬೀಗ್ರ ಮನೇಲಿ ಕೋಳಿ ಸಾರು ನೋಡ್ಕೊಂಡು ಬಂದ. ಮನೆ ನೋಡ್ಲಿಲ್ಲ. ಅದಕ್ಕೇ ಈ ಸಲ ನಾನು” ಎಂದರು ಅವರು. ಕೇರಳದವರು ನಕ್ಕು ಜೀಪು ಹತ್ತಿದರು.

ಎರಡು ದಿನಕ್ಕೆ ಗಾಡಿ ನಮ್ಮ ಊರಿಗೆ ಬಂತು. ಗಂಡ ಓಡಿಸಿಕೊಂಡು ಬಂದರು, ಹೆಂಡತಿ ಮಡ್‌ಗಾರ್ಡಿನ ಮೇಲೆ ಹೊಸ ಸೀರೆ ಉಟ್ಟು ಕೂತಿದ್ದಳು. ಮುಗಿಲು ಕಟ್ಟಿತ್ತು. ಮಾಲೀಕರಿಗೆ ಆತುರವಿರಲಿಲ್ಲ. ಗಾಡಿಯನ್ನು ಮೇಲೆ ನಿಲ್ಲಿಸಿ, ಕೋಲು ಹಿಡಿದು, ದಾರಿಯುದ್ದಕ್ಕೂ ನಡೆದೇ ಹೋದರು. ಹೆಬ್ಬಂಡೆಗಳನ್ನು ತಟ್ಟಿ ನೋಡಿದರು. ತಳಕ್ಕೆ ಹೋಗಿ ಬೊಡ್ಡೆಗಳನ್ನು ನೋಡಿದವರೇ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

“ಏನವ್ವ ಇದು? ತೋಪೋ, ಮೊಳೆ ಹೊಡೆದ ಹಲಗೆಯೋ? ಒಂದೊಂದು ಬೊಡ್ಡೇನೂ ಈಟಿ ಹಂಗೆ ನಿಂತದೆ. ನನ್ನ ಟೈರು ಸೀಳಾಕ್ತದೆ.”

“ಓರೆ ಕಡೀದಿದ್ರೆ ಬೊಡ್ಡೆ ಮ್ಯಾಲೆ ನೀರು ನಿಂತ್ಕತದೆ. ಕೊಳೆತೋಯ್ತದೆ. ಆಮೇಲೆ ಚಿಗುರು ನಿಮ್ಮ ಟೈರಲ್ಲಿ ಬತ್ತದಾ?”

“ಚಿಗುರು ನಿಮ್ದು. ಟೈರು ನಂದು. ಇನ್ನೂ ಕೊಟ್ಟಿಲ್ಲ.”

ಇಬ್ಬರೂ ಸರಿಯೇ. ಮಾತಿನಲ್ಲಿ ಹೊತ್ತು ಕಳೆಯುತ್ತಿತ್ತು. ಚಕ್ರ ಹೋಗುವ ಎರಡು ಸಾಲಿನ ಬೊಡ್ಡೆಗಳನ್ನು ಮಾತ್ರ ನೆಲಸಮ ಮಾಡುವುದು, ಉಳಿದದ್ದು ಓರೆಯಾಗಿಯೇ ಇರಲಿ ಎಂದೆ. ಒಪ್ಪಿದರು. ನಾನು, ತಂಗಿ, ಮಗಳು, ಇನ್ನು ನಾಲ್ಕು ಆಳು ಹೆಂಗಸರು ಕೊಡಲಿ ಹಿಡಿದೆವು. ಆಗ ಆ ಶುಂಠಿಯವರ ಹೆಂಡತಿ ಹೊಸ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಇಳಿದು ಬಂದಳು. “ಒಂದು ಕೊಡ್ಲಿ ಕೊಡ್ರವ್ವ. ಆ ಸವತೀನ ಇಲ್ಲೇ ಬುಟ್ಟು ಓಗ್ಬೇಕು ಅಂದ್ರೆ ನಾನೂ ಕಡೀಬೇಕು.” ಕಡಿದಳು ನೋಡಿ! ನಮ್ಮಲ್ಲಿ ಯಾರ ಏಟೂ ಅವಳಷ್ಟು ನೇರಕ್ಕೆ ಬೀಳಲಿಲ್ಲ. ಅವಳ ಗಂಡ ಬಂಡೆಯ ಮೇಲೆ ಕೂತು ಬೆರಳು ತೋರಿಸುತ್ತಿದ್ದರು, “ಅಲ್ಲಿನ್ನೊಂದು, ಅಲ್ಲೊಂದು.” ತಂಗಿ ಹೇಳಿದಳು, “ಯಜಮಾನ್ರೆ, ಬೆರಳು ಮಡಚ್ಕೊಳ್ಳಿ, ಕೊಡ್ಲಿ ಜಾರ್ತದೆ.” ಆಮೇಲೆ ಬೆರಳು ತೋರಿಸಲಿಲ್ಲ.

ಮಧ್ಯಾಹ್ನಕ್ಕೆ ದಾರಿ ಆಯಿತು. ಗಾಡಿ ತಳಕ್ಕೆ ಇಳಿಯಿತು. ಅಳಿಯ ಎಂಟು ದಿಮ್ಮಿಗೆ ಸರಪಳಿ ಸುತ್ತಿ, ಬಾಡಿಗೆಯವನ ಹಾಗೆಯೇ ಎತ್ತರದ ಕೊಂಡಿಗೆ ಕಟ್ಟಲು ಹೋದ. ಮಾಲೀಕರು ಅವನ ಕೈ ಮೇಲೆ ಟವಲಿನಲ್ಲಿ ಹೊಡೆದರು. “ಮ್ಯಾಕೆ ಕಟ್ಟಿದ್ರೆ ಮೂತಿ ಎತ್ತದೆ ಇನ್ನೇನು ಮಾಡ್ತದೆ? ಕೆಳಗಿನ ಪಟ್ಟಿಗೆ ಕಟ್ಟು. ಚಕ್ರದ ನಡುವಿಗಿಂತ ಕೆಳಗೆ, ಯಾವತ್ತೂ.” ಮೂರು ವಾರ ನಾವು ಊರೆಲ್ಲ ತಿರುಗಿ ಹುಡುಕಿದ ಉತ್ತರದಲ್ಲಿ ಅರ್ಧ ಇದೇ ಆಗಿತ್ತು.

ಮಾಲೀಕರೇ ಸೀಟಿಗೆ ಹತ್ತಿ ಎಳೆದರು. ನೆಟ್ಟಗಿನ ಏರಿನಲ್ಲಿ ಸುಮ್ಮನೆ ಬಂತು. ಹೆಬ್ಬಂಡೆಗಳ ತಿರುವಿನಲ್ಲಿ ಹಿಂದಿನ ಚಕ್ರ ಜಾರಿ ನಿಂತಲ್ಲೇ ತಿರುಗತೊಡಗಿತು. ಸುಟ್ಟ ರಬ್ಬರಿನ ವಾಸನೆ ಬಂತು. ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಸೌದೆ ಮೇಲೆ ಬರುವುದಿಲ್ಲವಲ್ಲ. ಅವರು ಗಾಡಿ ನಿಲ್ಲಿಸಿದರು. ಕೆಳಗಿನ ಒಂದು ಲಿವರ್ ಎಳೆದರು, ಗೇರು ಇಳಿಸಿದರು, ಮತ್ತೆ ಮೆಲ್ಲಗೆ ಬಿಟ್ಟರು. ಈಗ ಮುಂದಿನ ಚಕ್ರಗಳೂ ಮಣ್ಣು ಕಚ್ಚಿದವು. ಮೂತಿ ನೆಲಕ್ಕೇ ಇತ್ತು. ಗರ್ಭಿಣಿ ಮೆಟ್ಟಿಲು ಹತ್ತುವ ಹಾಗೆ ಒಂದೊಂದು ಹೆಜ್ಜೆ ಹತ್ತಿತು. ದಿಮ್ಮಿಗಳು ಬಂಡೆಗೆ ಉಜ್ಜಿಕೊಂಡು ಸಿಪ್ಪೆ ಕಳಚಿಕೊಂಡು ಹಿಂದೆ ಬಂದವು. ಮೇಲೆ ಬಂತು!

ತಂಗಿ ಎರಡು ಬೆರಳು ಬಾಯಿಗೆ ಇಟ್ಟು ಸಿಳ್ಳೆ ಹೊಡೆದಳು. ಮೊಮ್ಮಕ್ಕಳನ್ನು ಕಂಡ ಹೆಂಗಸು. ಮಗಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ನನ್ನ ಚಪ್ಪಲಿ ಒಂದು ಹಳ್ಳಕ್ಕೆ ಬಿತ್ತು. ಮಾಲೀಕರು ಇಳಿದು ನಾಲ್ಕು ಟೈರನ್ನೂ ಸುತ್ತಿ ನೋಡಿ, “ಜಾಗ ಪರ್ವಾಗಿಲ್ಲ” ಎಂದರು.

ಅಂದು ಸಂಜೆಗೆ ಅವರು ಹೋಗಬೇಕಿತ್ತು. ಹೋಗಲಿಲ್ಲ. ಅಳಿಯನಿಗೆ ಕಲಿಸಬೇಕು ಎಂದು ಒಂದು ದಿನ ಉಳಿದರು. ತಿರುವು ಕಲಿಸಬೇಕು ಎಂದು ಇನ್ನೊಂದು ದಿನ. ಅವರ ಹೆಂಡತಿ ನಮ್ಮ ಮನೆಯಲ್ಲೇ ಉಂಡು, ನಮ್ಮ ಜೊತೆಯೇ ದಿಮ್ಮಿ ಉರುಳಿಸಿ, “ಮದ್ವೆ ಆದಾಗಿಂದ ನನ್ನ ಜೊತೆ ನೆಂಟ್ರ ಮನೇಲಿ ಎಲ್ಡು ದಿನ ಇದ್ದಿದ್ದು ಇದೇ ಮೊದ್ಲು ಈ ಮನುಷ್ಯ” ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಕೆಳಗಿನಿಂದ ಗಾಡಿ ಎಳೆದು ತರುತ್ತಿತ್ತು. ಮೇಲೆ ನಾವು ಕಡಿದು ಗಾಡಿಯ ಜೊತೆ ಬಂದ ಟ್ರೇಲರಿಗೆ ತುಂಬುತ್ತಿದ್ದೆವು, ತುಂಬಿದಾಗ ಅದೇ ಗಾಡಿ ಬ್ಯಾರನ್ನಿಗೆ ಎಳೆದೊಯ್ಯುತ್ತಿತ್ತು. ಒಂದೊಂದೇ ಬ್ಯಾರನ್ನಿನ ಪಕ್ಕ ಸೌದೆಯ ರಾಶಿ ಎದ್ದಿತು. ಮೂರನೆಯ ದಿನದ ಸಂಜೆಗೆ ಎಂಟು ಬ್ಯಾರನ್ನು ಮುಗಿದವು.

ನಾಲ್ಕನೆಯ ದಿನವೂ ಅವರು ಹೊರಟಿರಲಿಲ್ಲ. ಮಧ್ಯಾಹ್ನದ ಮೇಲೆ ಹನಿ ಶುರುವಾಯಿತು. ಒಂಬತ್ತನೆಯವರದ್ದು ಕೊಟ್ಟಾಗಿತ್ತು. ಮಗಳ ಬ್ಯಾರನ್ನಿನದ್ದು ಮೇಲೆ ಬಂದು ಬಿದ್ದಿತ್ತು. ತಳದಲ್ಲಿ, ನೀರಿನ ಅಂಚಿಗೆ, ಎಲ್ಲಕ್ಕಿಂತ ದಪ್ಪನೆಯ ಬುಡದ ದಿಮ್ಮಿಗಳು ಇನ್ನೂ ಉಳಿದಿದ್ದವು. ಯಾರಿಗೂ ಮಾತು ಕೊಟ್ಟದ್ದಲ್ಲ, ನನ್ನವೇ.

“ಇನ್ನೊಂದೇ ಸಲ ಇಳಿತೀನಿ ಅತ್ತೆ” ಎಂದ ಅಳಿಯ. ಸೀಟಿನಲ್ಲಿ ಆಗ ಅವನೇ ಕೂತಿದ್ದ. ಮಾಲೀಕರು ನನ್ನ ಮುಖವನ್ನೇ ನೋಡುತ್ತಿದ್ದರು. ಕೆಳಗಿನ ಮಣ್ಣು ಆಗಲೇ ಮಿನುಗುತ್ತಿತ್ತು. ಆ ದಿಮ್ಮಿಗಳ ಮೇಲೆ ನನಗೆ ಬಹಳ ಆಸೆಯಿತ್ತು, ಇಲ್ಲ ಅನ್ನುವುದಿಲ್ಲ.

“ಬ್ಯಾಡ. ಬಿದ್ದಿರ್ಲಿ. ಗೆದ್ದಲೂ ಉಣ್ಣಬೇಕಲ್ಲ” ಎಂದೆ.

ಆಗ ಮಾಲೀಕರು ಜೇಬಿನಿಂದ ಗಾಡಿಯ ಕಾಗದಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅಲ್ಲಿಯ ತನಕ ಕೊಟ್ಟಿರಲಿಲ್ಲ. ಅವರನ್ನು ಬಸ್ಸಿಗೆ ಹತ್ತಿಸಲು ಟ್ರೇಲರಿನಲ್ಲೇ, ಮಗಳ ಬ್ಯಾರನ್ನಿನ ಸೌದೆಯ ಮೇಲೆ, ಟಾರ್ಪಾಲು ಹೊದ್ದು ಎಲ್ಲರೂ ಹೊರಟೆವು. ಮಳೆ ಜೋರಾಯಿತು. ಹೆಂಗಸರೆಲ್ಲ ಟಾರ್ಪಾಲಿನ ಅಡಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದೆವು. ಸೌದೆ ನೆನೆಯಬಾರದೆಂದು ಟಾರ್ಪಾಲನ್ನು ಅದರ ಕಡೆಗೇ ಎಳೆದು ನಾವು ಅರ್ಧರ್ಧ ನೆನೆದೆವು.

ಮೊದಲ ಕೊಯ್ಲಿನ ಸೊಪ್ಪು ಮಗಳ ಬ್ಯಾರನ್ನಿಗೆ ಏರಿದ ದಿನವೂ ಮಳೆ ಹುಯ್ಯುತ್ತಲೇ ಇತ್ತು. ಹತ್ತು ಬ್ಯಾರನ್ನಿನ ಹತ್ತು ಹೊಗೆಗೊಳವೆಯನ್ನೂ ನಮ್ಮ ದಿಬ್ಬದಿಂದ ನೋಡಬಹುದು. ಒಂದೊಂದಾಗಿ ಹೊಗೆ ಬಿಟ್ಟವು. ಮಗಳು ನನ್ನನ್ನು ಕರೆದು ಮೊದಲ ಸೌದೆ ನೀನೇ ಹಾಕು ಅಂದಳು. ಹಾಕಿದೆ. ಒಣಗಿದ ನೀಲಗಿರಿ, ಎಣ್ಣೆಯ ಮರ, ಚಟಪಟ ಎಂದು ಹತ್ತಿಕೊಂಡಿತು. ಒಲೆಯ ಬಾಗಿಲು ಮುಚ್ಚಿ ಊಟಕ್ಕೆ ಹೋದೆವು.